ದಾನಿಗೆ ರಶೀದಿಯಷ್ಟೇ ಸಾಕೆ?

ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಯಲ್ಲಿ ದೇವಸ್ಥಾನದ ಜೀರ್ಣೋದ್ಧಾರವಿರಲಿ, ಶಾಲೆಯ ಶತಮಾನೋತ್ಸವವಿರಲಿ, ವಿಜ್ಞಾಪನಾ ಪತ್ರ ಮುಂಬಯಿಯಲ್ಲಿರುವ ಊರವರನ್ನು ತಪ್ಪದೆ ತಲಪುತ್ತದೆ. ಹಣ ಸಂದಾಯವಾದ ಮೇಲೆ ರಶೀದಿಯನ್ನುಳಿದು ಸುದ್ದಿಯೇ ಅಪರೂಪ. ಸೇವಾಸಂಸ್ಥೆಗಳದೂ ಬಹುಮಟ್ಟಿಗೆ ಇದೇ ಜಾಡು.

ಕುಂದಾಪುರದ ಕೋಡಿ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಗೂಡೊಂದಕ್ಕೆ ನೂರರಷ್ಟು ಮೊಟ್ಟೆಯಿಡುತ್ತವೆ. ಮರಿಯಾಗಲು ಸುಮಾರು 45ರಿಂದ 60 ದಿನ ಬೇಕು. ಆ ಕಾವಲಿನ ದಿನಚರಿಯನ್ನು, ನಾಯಿ ಕೆದಕಿದ ಗೂಡಿನ ನಷ್ಟವನ್ನೂ ಮುಚ್ಚಿಡದೆ, ವಾರಕ್ಕೊಮ್ಮೆ ಅಂತರ್ಜಾಲದಲ್ಲಿ ಬರೆದರೆ ದೂರದ ದಾನಿಯೂ ಮರಿಗಾಗಿ ಕಾಯುತ್ತಾನೆ. ವೆಚ್ಚ ಅತ್ಯಲ್ಪ. ಸೇವಾವಧಿಯಲ್ಲಿ ನಾನು ಕಂಡ ವಾರ್ಷಿಕ ವರದಿಗಳಿಗೆ (ಕೆಲವನ್ನು ನಾನೇ ಬರೆದಿದ್ದೆ!) ಆ ಶಕ್ತಿಯಿರಲಿಲ್ಲ.

ಆದರೆ ಬರೆಯಬೇಕಾದವರು ಕಚೇರಿಯವರಲ್ಲ, ಮುಂಜಾನೆ ಮರಳಿನ ಮೇಲೆ ಆಮೆಯ ಹೆಜ್ಜೆ ಗುರುತಿಸಬಲ್ಲ ಮೀನುಗಾರರು. ಬರವಣಿಗೆ ಒಗ್ಗದವರ ಮಾತನ್ನು ಕುಂದಗನ್ನಡದಲ್ಲಿಯೇ ಯಾರಾದರೂ ಬರೆದುಕೊಳ್ಳಲಿ.