ಶಂಖದಿಂದ ಬಂದರೆ ಮಾತ್ರ ತೀರ್ಥ

2025ರ ನವೆಂಬರ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕೈಲಿ ನಾವು ಸೋತದ್ದು ಅದೇ ಮೊದಲು. ಅದಕ್ಕೆ ಒಂದು ತಿಂಗಳ ಹಿಂದೆ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1-2ರಿಂದ ಸೋತು 2027ರ ಏಷ್ಯನ್ ಕಪ್ಪಿನ ದಾರಿಯನ್ನೂ ಮುಚ್ಚಿಕೊಂಡಿದ್ದೆವು. ಕಂಠೀರವ ಕ್ರೀಡಾಂಗಣದಲ್ಲಿ ನನ್ನ ಪಕ್ಕ ಕೂತು ಗಂಟಲು ಹರಿದುಕೊಳ್ಳುವ ಗೆಳೆಯರು ಆ ವಾರವೇ ತೀರ್ಪು ಕೊಟ್ಟುಬಿಟ್ಟರು: ನಮ್ಮವರಿಂದ ಇದು ಆಗುವ ಕೆಲಸವಲ್ಲ, ಯುರೋಪಿನಿಂದ ಯಾರನ್ನಾದರೂ ಕರೆಸಲಿ. ಖಾಲಿದ್ ಜಮೀಲ್ ಕೋಚ್ ಆಗಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಸ್ವದೇಶಿ ಅಭಿಮಾನವಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಪಕ್ಷದಲ್ಲಿ ನಿಂತವರ ವಾದಗಳೇ ನನಗೆ ಹೆಚ್ಚು ಮುಜುಗರ ತರುತ್ತವೆ. ಹೊರಗಿನವನಿಗೆ ನಮ್ಮ ಹುಡುಗರ ಮನಸ್ಸು ತಿಳಿಯುವುದಿಲ್ಲ ಎನ್ನುತ್ತಾರೆ. ಹಾಗಾದರೆ ಮಿಜೋರಾಂನ ಹುಡುಗನ ಮನಸ್ಸು ಬೆಂಗಳೂರಿನವನಿಗೆ ತಾನಾಗಿಯೇ ತಿಳಿದುಬಿಡುತ್ತದೆಯೆ? ಇನ್ನು ಕೆಲವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿದೆ: 1930ರಿಂದ 2022ರವರೆಗೆ ನಡೆದ 22 ವಿಶ್ವಕಪ್ಪುಗಳಲ್ಲಿ ಒಂದನ್ನೂ ವಿದೇಶಿ ಕೋಚ್ ಗೆದ್ದುಕೊಟ್ಟಿಲ್ಲ. ಮಾತು ನಿಜ. ಆದರೆ ಅಷ್ಟೂ ಕಪ್ಪುಗಳನ್ನು ಹಂಚಿಕೊಂಡವು ಎಂಟೇ ದೇಶಗಳು. ಒಳ್ಳೆಯ ಕೋಚ್‌ಗಳಿಗೆ ಬರವಿಲ್ಲದ ದೇಶಗಳವು. ಹೊರಗಿನವರನ್ನು ಬೇಡವೆಂದದ್ದರಿಂದ ಗೆದ್ದವಲ್ಲ, ಮನೆಯಲ್ಲೇ ಇದ್ದುದರಿಂದ ಬೇಡವೆಂದವು. ಮನೆಯಲ್ಲಿ ಇಲ್ಲದವರು ಹೊರಗಿನಿಂದ ತಂದು ಗೆದ್ದದ್ದೂ ಉಂಟು. 2004ರಲ್ಲಿ ಗ್ರೀಸ್ ಜರ್ಮನಿಯ ಒಟ್ಟೊ ರೆಹಾಗಲ್ ಕೈಯಲ್ಲಿ ಯುರೋ ಕಪ್ ಎತ್ತಿತು. 2012ರಲ್ಲಿ ಜಾಂಬಿಯಾ ಫ್ರಾನ್ಸಿನ ಎರ್ವೆ ರೆನಾರ್ ಜೊತೆ ಆಫ್ರಿಕಾದ ಕಪ್ ಗೆದ್ದಿತು. 2025ರಲ್ಲಿ ಬ್ರೆಜಿಲ್‌ನಂಥ ಬ್ರೆಜಿಲೇ ಇಟಲಿಯ ಆನ್ಸೆಲೊಟ್ಟಿಯನ್ನು ಕರೆಸಿಕೊಂಡಿತು.

ಇಂಗ್ಲೆಂಡಿನ ಅಭಿಮಾನಿಗಳ ಜಗಳ ಇದಕ್ಕಿಂತ ಹದವಾದದ್ದು. 2024ರ ಅಕ್ಟೋಬರ್‌ನಲ್ಲಿ ಜರ್ಮನಿಯ ಥಾಮಸ್ ಟುಖೆಲ್ ನೇಮಕವಾದಾಗ ಅಲ್ಲಿಯೂ ದೇಶಾಭಿಮಾನದ ಕೂಗು ಎದ್ದಿತು, ಅದನ್ನು ಬಿಡಿ. ಅದರ ನಡುವೆ ಒಂದು ಒಳ್ಳೆಯ ಪ್ರಶ್ನೆಯೂ ಇತ್ತು. ನಮ್ಮವರನ್ನೇ ತಯಾರು ಮಾಡುತ್ತೇವೆಂದು 2012ರಲ್ಲಿ ಸೇಂಟ್ ಜಾರ್ಜ್ಸ್ ಪಾರ್ಕ್ ಎಂಬ ದೊಡ್ಡ ತರಬೇತಿ ಕೇಂದ್ರ ಕಟ್ಟಿದಿರಿ, ಹನ್ನೆರಡು ವರ್ಷವಾದರೂ ಒಬ್ಬ ಸಿಗಲಿಲ್ಲವೆ? ಇದು ಟುಖೆಲ್ ಮೇಲಿನ ದೂರಲ್ಲ, ನೇಮಿಸಿದವರ ಮೇಲಿನ ದೂರು. ನಾವು ಕೇಳಬೇಕಾದದ್ದೂ ಇದನ್ನೇ.

ನಮ್ಮ ಲೆಕ್ಕ ನೋಡಿ. 2012ರಲ್ಲಿ ಸಾವಿಯೊ ಮೆಡೀರಾ ಹೋದ ಮೇಲೆ ಜಮೀಲ್ ಬರುವವರೆಗೆ ಹದಿಮೂರು ವರ್ಷ ಪೂರ್ಣಾವಧಿ ಕೋಚ್‌ಗಳೆಲ್ಲ ವಿದೇಶಿಯರೇ: ನೆದರ್‌ಲ್ಯಾಂಡ್ಸಿನ ಕೂವರ್ಮನ್ಸ್, ಇಂಗ್ಲೆಂಡಿನ ಸ್ಟೀಫನ್ ಕಾನ್‌ಸ್ಟಂಟೈನ್, ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್, ಸ್ಪೇನಿನ ಮನೊಲೊ ಮಾರ್ಕೆಸ್. ಇವರು ಏನೂ ಮಾಡಲಿಲ್ಲವೆಂದು ನಾನು ಹೇಳುವುದಿಲ್ಲ. ಕಾನ್‌ಸ್ಟಂಟೈನ್ ಕಾಲದಲ್ಲಿ ತಂಡ ಫಿಫಾ ಪಟ್ಟಿಯಲ್ಲಿ ನೂರರೊಳಗೆ ಬಂತು, 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡನ್ನು 4-1ರಿಂದ ಬಗ್ಗುಬಡಿಯಿತು. ಸ್ಟಿಮಾಚ್ ತಂಡ 2023ರಲ್ಲಿ ನಮ್ಮ ಕಂಠೀರವದಲ್ಲೇ ಸ್ಯಾಫ್ ಕಪ್ ಗೆದ್ದಿತು. ಕುವೈತಿನ ವಿರುದ್ಧದ ಆ ಪೆನಾಲ್ಟಿಗಳ ರಾತ್ರಿಯನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ನನ್ನ ತಕರಾರು ಬೇರೆ. ಬಂದವರು ಒಂದಷ್ಟು ಕಾಲ ಇದ್ದು ನಮ್ಮ ರೋಗವನ್ನು ಕಂಡುಹಿಡಿಯುತ್ತಾರೆ. ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ವಿದೇಶಿಯನನ್ನೇ ಇಟ್ಟುಕೊಳ್ಳುತ್ತವೆ, ಹಾಗಾಗಿ ದೇಶಕ್ಕೆ ಸ್ಟ್ರೈಕರ್ ಸಿಗುವುದಿಲ್ಲ. ಶಿಬಿರಕ್ಕೆ ಸಾಕಷ್ಟು ದಿನ ಕೊಡುವುದಿಲ್ಲ. ಕಾನ್‌ಸ್ಟಂಟೈನ್ ಇದನ್ನು ಹೇಳಿದರು, ಸ್ಟಿಮಾಚ್ ಇದನ್ನೇ ಮತ್ತೂ ಗಟ್ಟಿಯಾಗಿ ಹೇಳಿದರು. ಮಾರ್ಕೆಸ್ ಬಾಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. 2025ರ ಮಾರ್ಚ್‌ನಲ್ಲಿ ಅವರು ನಿವೃತ್ತರಾಗಿದ್ದ ಸುನಿಲ್ ಛೆಟ್ರಿಯನ್ನು ನಲವತ್ತನೆಯ ವಯಸ್ಸಿನಲ್ಲಿ ತಂಡಕ್ಕೆ ಮರಳಿ ಕರೆದರು. ಆ ಋತುವಿನ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಛೆಟ್ರಿಯೇ. ಕರೆದದ್ದು ತಪ್ಪಲ್ಲ, ಬೇರೆ ಯಾರನ್ನು ಕರೆಯಬೇಕಿತ್ತು?

ಪ್ರತಿ ಸಲವೂ ಈ ಮಾತು ಹೊಸ ಸುದ್ದಿಯಂತೆ ಪತ್ರಿಕೆಗಳಲ್ಲಿ ಬರುತ್ತದೆ. ಕೋಚ್ ಹೋಗುತ್ತಾನೆ, ಅವನ ಜೊತೆ ಅವನು ಕಲಿತದ್ದೂ ವಿಮಾನ ಹತ್ತುತ್ತದೆ. ಮುಂದಿನವನು ಅ ಆ ಇ ಈಯಿಂದ ಶುರುಮಾಡುತ್ತಾನೆ. ವಿದೇಶಿ ಕೋಚ್ ತರುವ ನಿಜವಾದ ಅಪಾಯ ಇದೇ. ಅವನು ನಮ್ಮನ್ನು ಅರಿಯಲಾರ ಎಂಬ ಭಯ ಸುಳ್ಳು. ಅರಿತ ಮೇಲೆ ಹೋಗಿಬಿಡುತ್ತಾನೆ, ಅರಿತದ್ದನ್ನು ಇಟ್ಟುಕೊಳ್ಳುವ ಪಾತ್ರೆ ನಮ್ಮಲ್ಲಿಲ್ಲ. ಆ ಪಾತ್ರೆ ಎಂದರೆ ಇಲ್ಲೇ ಉಳಿಯುವ ಕೋಚ್‌ಗಳು. ಇದೇ ರೋಗವನ್ನು ನಮ್ಮ ಕೋಚ್‌ಗಳು ಜಿಲ್ಲಾ ಮೈದಾನಗಳಲ್ಲಿ ನಿಂತು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಶಂಖದಿಂದ ಬಂದಿಲ್ಲವಲ್ಲ, ಅದು ಬರೀ ನೀರು.

ಹೋಗಲಿ, ಸಾಗರದಾಚೆಯಿಂದ ತಂದ ಶಂಖಕ್ಕಾದರೂ ಮರ್ಯಾದೆ ಕೊಟ್ಟೆವೆ? 2023ರಲ್ಲಿ ಪತ್ರಿಕೆಯೊಂದು ಹೊರಗೆಡವಿದ ಸಂಗತಿ ನಿಮಗೆ ನೆನಪಿರಬಹುದು: ಹಿಂದಿನ ವರ್ಷದ ಏಷ್ಯನ್ ಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ಆಟಗಾರರ ಪಟ್ಟಿ ಒಬ್ಬ ಜ್ಯೋತಿಷಿಯ ಕೈಗೆ ಹೋಗುತ್ತಿತ್ತು. ಜ್ಯೋತಿಷಿಯನ್ನು ಕೋಚ್‌ಗೆ ಪರಿಚಯಿಸಿದ್ದು ಫೆಡರೇಶನ್ನಿನವರೇ ಎಂದು ವರದಿ ಹೇಳಿತ್ತು. 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದ ತಂಡದ ಆಟಗಾರನನ್ನು ವೃತ್ತಿಪರತೆ ಕಲಿಸಲೆಂದು ಕರೆತಂದು ಕೈಗೆ ಪಂಚಾಂಗ ಕೊಟ್ಟೆವು! ಆಮೇಲೆ 2023ರಲ್ಲೇ ಅವರ ಒಪ್ಪಂದವನ್ನು 2026ರವರೆಗೆ ಎಳೆದರು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರಕ್ಕೆ ಮೂರೂ ಸೋಲು, ಒಂದೂ ಗೋಲಿಲ್ಲ. ಜೂನ್‌ನಲ್ಲಿ ಕೆಲಸದಿಂದ ತೆಗೆದರು. ಕೊನೆಗೆ ವ್ಯಾಜ್ಯ ಇತ್ಯರ್ಥವಾದದ್ದು 4 ಲಕ್ಷ ಡಾಲರಿಗೆ ಎಂದು ವರದಿಯಾಯಿತು. ಆ ಒಪ್ಪಂದಕ್ಕೆ ಸಹಿ ಹಾಕಿದವರು ತೆತ್ತದ್ದು ಎಷ್ಟು? ಸೋಲಿಗೊಂದು ಮುಖ ಬೇಕಿತ್ತು, ಸಿಕ್ಕಿತು. ಹೊಸ ಮುಖ ಬರುವವರೆಗೆ ಹಳೆಯ ಕುರ್ಚಿಗಳನ್ನು ಯಾರೂ ಅಲುಗಾಡಿಸಲಿಲ್ಲ.

ನಮ್ಮಲ್ಲಿ ಭಾರತೀಯ ಕೋಚ್‌ಗೆ ಮೀಸಲಾದ ಒಂದು ಪದವಿಯಿದೆ, ಅದರ ಹೆಸರು ‘ಹಂಗಾಮಿ’. ಬೆಂಗಳೂರು ಎಫ್‌ಸಿ ನನ್ನ ತಂಡ, ಹಾಗಾಗಿ ಅದರ ಉದಾಹರಣೆಯನ್ನೇ ಕೊಡುತ್ತೇನೆ. ಆಶ್ಲೆ ವೆಸ್ಟ್‌ವುಡ್ ಐ-ಲೀಗ್ ಗೆದ್ದುಕೊಟ್ಟರು, ಆಲ್ಬರ್ಟ್ ರೋಕಾ 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಕರೆದೊಯ್ದರು, ಕಾರ್ಲ್ಸ್ ಕ್ವಾಡ್ರಾಟ್ 2019ರಲ್ಲಿ ಐಎಸ್‌ಎಲ್ ತಂದರು. ಋಣ ಇದ್ದೇ ಇದೆ. ಆದರೆ 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದಾಗ, ಕೆಟ್ಟು ನಿಂತಿದ್ದ ಋತುವನ್ನು ಸಹಾಯಕ ನೌಶಾದ್ ಮೂಸಾ ಹೆಗಲಿಗೆ ಹಾಕಿದರು, ಮುಂದಿನ ತಿಂಗಳೇ ಜರ್ಮನಿಯಿಂದ ಮಾರ್ಕೊ ಪೆಜ್ಜೈಯುಲಿ ಹೆಸರು ಘೋಷಣೆಯಾಯಿತು. ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿಯಲು ನಮ್ಮವನು, ಗೃಹಪ್ರವೇಶಕ್ಕೆ ಬೇರೊಬ್ಬ. ಐಎಸ್‌ಎಲ್ ಶುರುವಾದದ್ದು 2014ರಲ್ಲಿ. ಹಂಗಾಮಿಯಲ್ಲದ ಮೊದಲ ಭಾರತೀಯ ಮುಖ್ಯ ಕೋಚ್ ಬಂದದ್ದು 2021ರಲ್ಲಿ, ನಾರ್ತ್‌ಈಸ್ಟ್ ಯುನೈಟೆಡ್‌ಗೆ, ಇದೇ ಜಮೀಲ್. ಐಜ್ವಾಲ್‌ನಂಥ ಸಣ್ಣ ಕ್ಲಬ್ಬಿಗೆ 2017ರಲ್ಲೇ ಐ-ಲೀಗ್ ಗೆದ್ದುಕೊಟ್ಟಿದ್ದರೂ ನಾಲ್ಕು ವರ್ಷ ಕಾಯಬೇಕಾಯಿತು.

ಗೆದ್ದರೂ ಸಾಲದು ಎಂಬುದಕ್ಕೆ ಉಜ್ಬೇಕಿಸ್ತಾನ ಸಾಕ್ಷಿ. ಅಲ್ಲಿನ ತಿಮೂರ್ ಕಪಾದ್ಜೆ 2025ರಲ್ಲಿ ದೇಶವನ್ನು ಮೊಟ್ಟಮೊದಲ ಬಾರಿಗೆ ವಿಶ್ವಕಪ್‌ಗೆ ದಾಟಿಸಿದರು. ಅಕ್ಟೋಬರ್‌ನಲ್ಲಿ ಕುರ್ಚಿ ಇಟಲಿಯ ಕನ್ನವಾರೊಗೆ ಹೋಯಿತು.

ಈಗ ನಿಮಗೊಂದು ಪ್ರಶ್ನೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಿನಲ್ಲಿ ಕೊನೆಯ ಸಲ ಗೆದ್ದು 54 ವರ್ಷವಾಗಿತ್ತು. ಕೋಚ್ ಯಾರು? ಕಂಠೀರವದಲ್ಲಿ ನನ್ನ ಸಾಲಿನ ಹನ್ನೊಂದು ಮಂದಿಯನ್ನು ಕೇಳಿದೆ. ರೋಕಾ, ಕ್ವಾಡ್ರಾಟ್ ಹೆಸರು ಎಲ್ಲರಿಗೂ ಗೊತ್ತು. ರವಿ ಬಾಬು ರಾಜು ಎಂಬ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ.

ಜಮೀಲ್ ಸೋತರಲ್ಲ, ಅದಕ್ಕೇನು ಹೇಳುತ್ತೀಯ ಎಂದು ಗೆಳೆಯರು ಕೇಳುತ್ತಾರೆ. ಸೋತರು, ಸಿಂಗಪುರದ ಎದುರಿನ ಸೋಲಿಗೆ ಅವರೂ ಉತ್ತರ ಕೊಡಬೇಕು. ಆದರೆ ಅವರು ಕೆಲಸ ಹಿಡಿದಾಗ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎಂಬುದೇ ತೂಗುತ್ತಿತ್ತು. ಲೀಗ್ ಪಂದ್ಯ ಆಡದ ಕಾಲುಗಳೊಂದಿಗೆ ಆಟಗಾರರು ಬಂದರು. ಆ ತಂಡದೊಂದಿಗೇ ಸೆಪ್ಟೆಂಬರ್‌ನ ಕಾಫಾ ಕಪ್‌ನಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೆಯ ಸ್ಥಾನ ತಂದರು. ಸ್ಟಿಮಾಚ್‌ಗೆ ಐದು ವರ್ಷ ಕೊಟ್ಟ ತಾಳ್ಮೆ ಇವರ ಪಾಲಿಗೆ ನಾಲ್ಕು ತಿಂಗಳಿಗೇ ತೀರಿಹೋಗುವುದು ಯಾವ ನ್ಯಾಯ? ಹೈದರಾಬಾದಿನ ಶಾಲಾ ಮಾಸ್ತರು ಸೈಯದ್ ಅಬ್ದುಲ್ ರಹೀಮ್‌ಗೆ 1950ರಿಂದ 1963ರಲ್ಲಿ ಸಾಯುವವರೆಗೆ ತಂಡ ಕೈಯಲ್ಲಿತ್ತು. ಎರಡು ಏಷ್ಯನ್ ಗೇಮ್ಸ್ ಚಿನ್ನ, ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನ ಆ ಅವಧಿಯ ಫಲ. ಆಮೇಲಿನ ಯಾವ ಭಾರತೀಯನಿಗೆ ಅಷ್ಟು ಕಾಲ ಸಿಕ್ಕಿದೆ?

ಜಮೀಲ್ ಮುಂದೆಯೂ ಸೋಲುತ್ತಲೇ ಹೋದರೆ ತೆಗೆಯಲಿ, ನಾನು ಅಡ್ಡ ಬರುವುದಿಲ್ಲ. ಆದರೆ ಆಗ ಯುರೋಪಿನ ಪಟ್ಟಿ ಬಿಡಿಸುವ ಮೊದಲು ದೇಶದ 23 ವರ್ಷದೊಳಗಿನವರ ತಂಡದ ಬೆಂಚಿನ ಕಡೆ ಒಮ್ಮೆ ನೋಡಲಿ. 2025ರ ಸೆಪ್ಟೆಂಬರ್‌ನಲ್ಲಿ ಆ ಹುಡುಗರು ಬಹರೇನನ್ನು 2-0ರಿಂದ ಸೋಲಿಸಿದರು. ಬೆಂಚಿನಲ್ಲಿ ಕೋಚ್ ಆಗಿ ಕೂತಿದ್ದವರು ನೌಶಾದ್ ಮೂಸಾ, ನಮ್ಮ ಹಳೆಯ ‘ಹಂಗಾಮಿ’.