ಕೈಗೆ ಒಗ್ಗದ ಕೋಲು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ತನ್ನ ಕೊರತೆಯನ್ನು ಉಪಕರಣದ ಮೇಲೆ ಹೊರಿಸುವವನನ್ನು ಕಂಡು ಲೋಕ ನಗುವುದು ಸಹಜವೇ ಸರಿ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಹೇಳೋಣ? ನೆಲವನ್ನು ಅಳೆಯದೆ ಕುಣಿಯುವವಳನ್ನೇ ಅಪರಾಧಿಯೆಂದು ತೀರ್ಮಾನಿಸುವುದು ನ್ಯಾಯವೆ? ಗಾದೆ ಇದಕ್ಕೆ ಉತ್ತರ ಕೊಡುವುದಿಲ್ಲ. ಭೌತವಿಜ್ಞಾನ ಕೊಡಬಲ್ಲದು. ಅದು ಕೊಡುವ ಉತ್ತರವನ್ನು ಸ್ಪಷ್ಟವಾಗಿ ತೋರಿಸಲು ಗಾಲ್ಫ್ ಆಟಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಗಾಲ್ಫ್ ಹುಟ್ಟಿ ಬೆಳೆದದ್ದು ಸ್ಕಾಟ್ಲೆಂಡಿನಲ್ಲಿ. 1457ರಲ್ಲಿಯೇ ಅಲ್ಲಿನ ಪಾರ್ಲಿಮೆಂಟು ಈ ಆಟವನ್ನು ನಿಷೇಧಿಸಿತ್ತೆಂದರೆ ಜನರಿಗೆ ಇದರ ಹುಚ್ಚು ಎಷ್ಟಿದ್ದಿತೆಂಬುದನ್ನು ಊಹಿಸಬಹುದು. ನಮ್ಮ ನಾಡಿಗೂ ಇದು ಹೊಸದಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಅದೇ ಊರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ ಗಾಲ್ಫ್ ಅರಿಯದವರೂ ಬೆಳಗಿನ ಜಾವದಲ್ಲೆದ್ದು ಆಟ ನೋಡಿದರು.

ಚೆಂಡನ್ನು ಹೊಡೆಯುವ ಕೋಲಿಗೂ ಆಟಗಾರರು ಕ್ಲಬ್ ಎಂದೇ ಹೆಸರಿಟ್ಟಿದ್ದಾರೆ. ಗೊಂದಲವಾಗದಿರಲೆಂದು ನಾವಿಲ್ಲಿ ಅದನ್ನು ಕೋಲೆಂದೇ ಕರೆಯೋಣ. ಒಬ್ಬ ಆಟಗಾರ ಒಂದು ಸುತ್ತಿನಲ್ಲಿ ಹೆಚ್ಚೆಂದರೆ 14 ಕೋಲುಗಳನ್ನು ಒಯ್ಯಬಹುದು. ದೂರದ ಹೊಡೆತಕ್ಕೆ ದೊಡ್ಡ ತಲೆಯ ಡ್ರೈವರ್, ಮಧ್ಯದ ದೂರಗಳಿಗೆ ಐರನ್‌ಗಳೆಂಬ ಲೋಹದ ಕೋಲುಗಳು, ಕುಳಿಯ ಬಳಿ ಚೆಂಡನ್ನು ಉರುಳಿಸಲು ಪಟ್ಟರ್. ಉತ್ತಮ ಜಾತಿಯ ಹೊಸ ಕೋಲುಗಳ ಒಂದು ಕಟ್ಟು ಸಾಮಾನ್ಯ ಕುಟುಂಬವೊಂದರ ಹಲವು ತಿಂಗಳ ವರಮಾನವನ್ನು ನುಂಗಬಲ್ಲದು.

ಇಲ್ಲಿಯೇ ಪಶ್ಚಾತ್ತಾಪದ ಕಥೆ ಆರಂಭವಾಗುತ್ತದೆ. ಹೊಸದಾಗಿ ಆಟ ಕಲಿಯುವವನು ಅಂಗಡಿಗೆ ಹೋದಾಗ ಅವನ ಕಣ್ಣು ಸಹಜವಾಗಿಯೇ ಪ್ರಸಿದ್ಧ ಆಟಗಾರರು ಹಿಡಿಯುವ ಕೋಲಿನ ಮೇಲೆ ಬೀಳುತ್ತದೆ. ತೆಳ್ಳಗೆ, ಹೊಳೆಯುತ್ತ, ಕತ್ತಿಯ ಅಲಗಿನಂತಿರುವ ಆ ಐರನ್‌ಗಳ ಚೆಲುವೇ ಚೆಲುವು. ಸಾಲ ಮಾಡಿಯಾದರೂ ಅವನ್ನು ಕೊಳ್ಳುತ್ತಾನೆ. ಮೈದಾನಕ್ಕೆ ಹೋದರೆ ಚೆಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಬಹಳ ಸಲ ಹತ್ತಿರದಲ್ಲಿಯೇ ಬೀಳುತ್ತದೆ. ಕೈಗೆ ಜುಮ್ಮೆನ್ನುವ ಪೆಟ್ಟು ಮಾತ್ರ ತಪ್ಪದು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕೋಲುಗಳು ಮೂಲೆ ಸೇರುತ್ತವೆ. ಮಾರಹೊರಟರೆ ಕೊಟ್ಟ ಬೆಲೆಯ ಸಣ್ಣ ಪಾಲೂ ಹುಟ್ಟುವುದಿಲ್ಲ. ಹಣದ ನಷ್ಟ ದೊಡ್ಡದೇ. ಆದರೆ ಅದಕ್ಕಿಂತ ದೊಡ್ಡ ನಷ್ಟ, “ಇಷ್ಟು ಒಳ್ಳೆಯ ಕೋಲು ಹಿಡಿದರೂ ನನಗೆ ಬರಲಿಲ್ಲ, ಆದುದರಿಂದ ಈ ವಿದ್ಯೆ ನನ್ನದಲ್ಲ” ಎಂದು ಅವನು ತನ್ನ ಮೇಲೆ ತಾನೇ ಬರೆದುಕೊಳ್ಳುವ ತೀರ್ಪು. ಈ ತೀರ್ಪು ಸಾಕ್ಷ್ಯವಿಲ್ಲದ ತೀರ್ಪು ಎಂಬುದು ನಮ್ಮ ವಾದ.

ಸಾಕ್ಷ್ಯವನ್ನು ಪರಿಶೀಲಿಸೋಣ. ಒಂದು ಮರದ ಕಡ್ಡಿಗೆ ಎರಡು ಸಮತೂಕದ ಕಲ್ಲುಗಳನ್ನು ಕಟ್ಟಿರಿ. ಎರಡನ್ನೂ ನಡುವಿಗೆ ಕಟ್ಟಿದಾಗ ಕಡ್ಡಿಯನ್ನು ನಡುವಿನಲ್ಲಿ ಹಿಡಿದು ಅತ್ತಿತ್ತ ತಿರುಗಿಸುವುದು ಸುಲಭ. ಎರಡು ತುದಿಗಳಿಗೆ ಕಟ್ಟಿದಾಗ ಕಷ್ಟ. ಒಟ್ಟು ತೂಕ ಅಷ್ಟೇ ಇದ್ದರೂ ತಿರುಗುವಿಕೆಗೆ ಅದು ಒಡ್ಡುವ ಪ್ರತಿರೋಧ ಬೇರೆಯಾಯಿತು. ಈ ಪ್ರತಿರೋಧದ ಅಳತೆಯನ್ನು ಜಡತ್ವ ಮಹತ್ವ ಎನ್ನುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಮೊಮೆಂಟ್ ಆಫ್ ಇನರ್ಷಿಯ ಎಂಬ ಹೆಸರಿನಿಂದ ಬಲ್ಲರು. ಅಕ್ಷದಿಂದ ತೂಕ ಎರಡರಷ್ಟು ದೂರಕ್ಕೆ ಸರಿದರೆ ಅದು ನಾಲ್ಕರಷ್ಟಾಗುತ್ತದೆ.

ಗಾಲ್ಫ್ ಕೋಲಿನ ತಲೆಗೂ ಇದೇ ನಿಯಮ. ಚೆಂಡು ತಲೆಯ ಗುರುತ್ವಕೇಂದ್ರದ ನೇರಕ್ಕೆ ತಗುಲಿದರೆ ತಲೆ ತಿರುಗದೆ ಮುಂದುವರಿಯುತ್ತದೆ. ಒಂದೆರಡು ಸೆಂಟಿಮೀಟರು ಪಕ್ಕಕ್ಕೆ ತಗುಲಿದರೆ ಚೆಂಡಿನ ಪ್ರತಿಕ್ರಿಯೆ ತಲೆಯನ್ನು ತಿರುಚುತ್ತದೆ. ಚೆಂಡಿಗೂ ಕೋಲಿಗೂ ಸಂಪರ್ಕವಿರುವ ಕಾಲ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು ಮಾತ್ರ. ಅಷ್ಟರಲ್ಲಿ ನರಗಳ ಮೂಲಕ ಸುದ್ದಿ ಮಿದುಳಿಗೆ ಮುಟ್ಟುವುದೂ ಸಾಧ್ಯವಿಲ್ಲ. ಕೈ ಬಿಗಿಹಿಡಿದು ತಿದ್ದುವ ಮಾತೇ ಇಲ್ಲ. ಆ ಕ್ಷಣದಲ್ಲಿ ಆಟಗಾರನ ರಕ್ಷಣೆಗಿರುವುದು ತಲೆಯ ಜಡತ್ವ ಮಹತ್ವವೊಂದೇ.

ಎರಡು ಡ್ರೈವರ್ ತಲೆಗಳನ್ನು ಊಹಿಸಿಕೊಂಡು ಸ್ಥೂಲವಾಗಿ ಒಂದು ಲೆಕ್ಕ ಹಾಕೋಣ. ಒಂದರ ಜಡತ್ವ ಮಹತ್ವ 2000 ಗ್ರಾಂ-ಚದರ ಸೆಂಟಿಮೀಟರು, ಇನ್ನೊಂದರದು 5000. 46 ಗ್ರಾಂ ತೂಕದ ಚೆಂಡು ಕೇಂದ್ರದಿಂದ 2 ಸೆಂಟಿಮೀಟರು ಪಕ್ಕಕ್ಕೆ ತಗುಲಿ ಸೆಕೆಂಡಿಗೆ 60 ಮೀಟರು ವೇಗದಲ್ಲಿ ಚಿಮ್ಮಲಿ. ಸಂಪರ್ಕ ಮುಗಿಯುವಷ್ಟರಲ್ಲಿ ಮೊದಲನೆಯ ತಲೆ ಸುಮಾರು 4 ಡಿಗ್ರಿ ತಿರುಗಿರುತ್ತದೆ. ಎರಡನೆಯದು ಸುಮಾರು ಒಂದೂವರೆ ಡಿಗ್ರಿ. ಅಲ್ಪವೆಂದು ತೋರಬಹುದು. ಆದರೆ ಚೆಂಡು 2 ಡಿಗ್ರಿ ದಾರಿ ತಪ್ಪಿದರೂ 180 ಮೀಟರು ದೂರದಲ್ಲಿ ಅದು 6 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗಿರುತ್ತದೆ. ಡ್ರೈವರಿನ ಮುಖವನ್ನು ಸ್ವಲ್ಪ ಉಬ್ಬಾಗಿ ಮಾಡಿ ದಿಕ್ಕಿನ ದೋಷವನ್ನು ಒಂದಿಷ್ಟು ಸರಿಪಡಿಸುವುದುಂಟು. ತಲೆಯ ತಿರುಚಿನಲ್ಲಿ ವ್ಯಯವಾದ ವೇಗವನ್ನಂತೂ ಯಾವ ಉಬ್ಬೂ ಹಿಂದಿರುಗಿಸಲಾರದು.

ಅಲಗಿನಂತಹ ಐರನ್‌ಗಳಲ್ಲಿ ತೂಕವೆಲ್ಲ ಮುಖದ ಮಧ್ಯದ ಹಿಂದೆ ಕೂಡಿರುತ್ತದೆ; ಎಂದರೆ ಕಲ್ಲುಗಳು ಕಡ್ಡಿಯ ನಡುವಿನಲ್ಲಿವೆ. ನುರಿತವನು ಹತ್ತಕ್ಕೆ ಒಂಬತ್ತು ಸಲ ಕೇಂದ್ರದಲ್ಲಿಯೇ ಹೊಡೆಯುವುದರಿಂದ ಅವನಿಗೆ ಇದರಿಂದ ತೊಂದರೆಯಿಲ್ಲ. ಚೆಂಡಿನ ದಾರಿಯನ್ನು ಬೇಕಾದಂತೆ ಬಾಗಿಸುವ ಅನುಕೂಲವೂ ಹೊಡೆತದ ಸೂಕ್ಷ್ಮ ಅನುಭವವೂ ಅವನಿಗೆ ದಕ್ಕುತ್ತವೆ. ಆದ್ದರಿಂದ ಅವನ ಆಯ್ಕೆ ಜಂಬವಲ್ಲ. ಕಲಿಯುವವನ ಹೊಡೆತಗಳಾದರೋ ಮುಖದ ತುಂಬ ಚದುರಿರುತ್ತವೆ. ಅವನಿಗೆ ಬೇಕಾದುದು ತೂಕವನ್ನು ಅಂಚುಗಳಿಗೆ ಸರಿಸಿದ, ಬೆನ್ನು ಟೊಳ್ಳಾದ ಕೋಲು.

ಇಂತಹ ಕೋಲನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯನಾದವನು ಕಾರ್ಸ್ಟೆನ್ ಸೋಲ್‌ಹೈಮ್. 1911ರಲ್ಲಿ ನಾರ್ವೆಯಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ಈತ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ. ಗಾಲ್ಫ್ ಆಡಲು ತೊಡಗಿದ್ದು 42ರ ವಯಸ್ಸಿನಲ್ಲಿ. ಪಟ್ಟರ್ ಹಿಡಿದಾಗಲೆಲ್ಲ ಸೋಲು. ಈತ ತನ್ನ ಕೈಯನ್ನು ಹಳಿಯುತ್ತ ಕೂರಲಿಲ್ಲ. ಇನ್ನೂ ದುಬಾರಿಯ ಕೋಲಿಗಾಗಿ ಅಂಗಡಿಗೂ ಓಡಲಿಲ್ಲ. ಚೆಂಡು ಪಕ್ಕಕ್ಕೆ ತಗುಲಿದಾಗ ತಲೆ ತಿರುಚುವುದನ್ನು ಗಮನಿಸಿ, ತಲೆಯ ಎರಡು ತುದಿಗಳಲ್ಲಿ ತೂಕವಿರುವ ಪಟ್ಟರೊಂದನ್ನು 1959ರಲ್ಲಿ ಕ್ಯಾಲಿಫೋರ್ನಿಯದ ತನ್ನ ಮನೆಯ ಗ್ಯಾರೇಜಿನಲ್ಲಿ ತಯಾರಿಸಿದ. ಚೆಂಡಿಗೆ ತಗುಲಿದಾಗ ಅದು ಹೊರಡಿಸುತ್ತಿದ್ದ ದನಿಯಿಂದ ಅದಕ್ಕೆ ಪಿಂಗ್ ಎಂಬ ಹೆಸರಾಯಿತು. ಹತ್ತು ವರ್ಷಗಳ ತರುವಾಯ ಇದೇ ತತ್ತ್ವದ ಐರನ್‌ಗಳೂ ಬಂದುವು. ಈಗ ವೃತ್ತಿಪರ ಆಟಗಾರರಲ್ಲಿಯೂ ಅನೇಕರು ಟೊಳ್ಳು ಬೆನ್ನಿನ ಕೋಲುಗಳನ್ನೇ ಹಿಡಿಯುತ್ತಾರೆ. ಜಗತ್ಪ್ರಸಿದ್ಧರಿಗೆ ಅವಮಾನವೆನಿಸದ ಕೋಲು ನಿನ್ನೆ ಮೊನ್ನೆ ಆಟಕ್ಕೆ ಬಂದವನಿಗೆ ಅವಮಾನವೆನಿಸುವುದು ವಿಚಿತ್ರವಲ್ಲವೆ?

ಮುಖದ ಓರೆಯದೂ ಇದೇ ಕಥೆ. ಕೋಲಿನ ಮುಖ ಹಿಂದಕ್ಕೆ ಓರೆಯಾಗಿರುವುದರಿಂದ ಚೆಂಡು ಮೇಲಕ್ಕೇಳುವುದಲ್ಲದೆ ಹಿಮ್ಮುಖವಾಗಿ ಗಿರನೆ ತಿರುಗುತ್ತದೆ. ಹೀಗೆ ತಿರುಗುತ್ತ ಸಾಗುವ ಚೆಂಡನ್ನು ಗಾಳಿ ಮೇಲಕ್ಕೆತ್ತುತ್ತದೆ. ವೇಗ ಹೆಚ್ಚಿದಷ್ಟೂ ಈ ಎತ್ತುವ ಬಲ ಹೆಚ್ಚು. ವೃತ್ತಿಪರ ಪುರುಷ ಆಟಗಾರನ ಡ್ರೈವರ್ ತಲೆ ಗಂಟೆಗೆ ಸುಮಾರು 180 ಕಿಲೋಮೀಟರು ವೇಗದಲ್ಲಿ ಬೀಸುತ್ತದೆ. ಅವನಿಗೆ ಕಡಿಮೆ ಓರೆ ಸಾಕು. ಅದೇ ಕೋಲನ್ನು ನಿಧಾನವಾಗಿ ಬೀಸುವವನು ಹಿಡಿದರೆ ಚೆಂಡು ಏಳುವ ಮೊದಲೇ ಇಳಿಯತೊಡಗುತ್ತದೆ. ಅಷ್ಟೇ ಅಲ್ಲ. ಓರೆ ಕಡಿಮೆಯಾದರೆ ಹಿಮ್ಮುಖ ತಿರುಗುವಿಕೆಯೂ ಕಡಿಮೆ. ಆಗ ಮುಖ ಪಕ್ಕಕ್ಕೆ ವಾಲಿದ ಅಲ್ಪ ದೋಷವೂ ತಿರುಗುವಿಕೆಯ ಅಕ್ಷವನ್ನು ಹೆಚ್ಚಾಗಿ ಬಾಗಿಸಿ ಚೆಂಡನ್ನು ಪೊದೆಗಳ ಕಡೆಗೆ ಒಯ್ಯುತ್ತದೆ. ಬಲ್ಲವನಿಗೆ ದೂರ ಕೊಡುವ ಗುಣವೇ ಕಲಿಯುವವನಿಗೆ ದಂಡನೆಯಾಗುತ್ತದೆ.

ಇದಕ್ಕೆ ಎದುರಾಗಿ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. “ಕ್ಷಮಿಸುವ ಕೋಲು ತಪ್ಪನ್ನು ಮುಚ್ಚಿಡುತ್ತದೆ, ಕಠಿಣವಾದ ಕೋಲೇ ಒಳ್ಳೆಯ ಗುರು” ಎಂದು ಕೆಲವು ಶಿಕ್ಷಕರು ಹೇಳುತ್ತಾರೆ. ತಪ್ಪು ತಿಳಿಯದೆ ತಿದ್ದಿಕೊಳ್ಳಲಾಗದು ಎಂಬುದು ನಿಜ. ಆದರೆ ಗುರುವಿನ ಮಾತು ಶಿಷ್ಯನಿಗೆ ಅರ್ಥವಾಗಬೇಕಷ್ಟೆ? ಕಲಿಯುವವನು ಒಂದೇ ಬೀಸಿನಲ್ಲಿ ನಾಲ್ಕಾರು ತಪ್ಪು ಮಾಡುತ್ತಾನೆ. ಎಲ್ಲಕ್ಕೂ ಒಂದೇ ಬಗೆಯ ಪೆಟ್ಟು ಕೊಡುವ ಕೋಲು ಯಾವ ತಪ್ಪಿಗೆ ಯಾವ ಶಿಕ್ಷೆಯೆಂಬುದನ್ನು ತಿಳಿಸುವುದಿಲ್ಲ. ತಪ್ಪುಗಳು ಕಡಿಮೆಯಾಗಿ ಒಂದೆರಡೇ ಉಳಿದಾಗ ಅದರ ಮಾತು ಕೇಳಿಸತೊಡಗುತ್ತದೆ. ಕಾಗುಣಿತದ ವಯಸ್ಸಿನಲ್ಲಿ ಛಂದಸ್ಸಿನ ದೋಷಕ್ಕೆ ಹೊಡೆದರೆ ಹುಡುಗ ಕವಿಯಾಗುವುದಿಲ್ಲ, ಶಾಲೆ ಬಿಡುತ್ತಾನೆ.

ಹಾಗೆಂದು ತಕ್ಕ ಕೋಲು ಕೊಂಡ ಮಾತ್ರಕ್ಕೆ ಆಟ ಬಂದುಬಿಡುವುದೆಂದೂ ನಂಬಬಾರದು. ಹೆಚ್ಚಿನ ಜಡತ್ವ ಮಹತ್ವ ತಡೆಯುವುದು ಪಕ್ಕಕ್ಕೆ ಬಿದ್ದ ಹೊಡೆತದ ತಿರುಚನ್ನು ಮಾತ್ರ. ಕೈಯೇ ಮುಖವನ್ನು ತಪ್ಪು ದಿಕ್ಕಿಗೆ ತಿರುಗಿಸಿ ತಂದಿದ್ದರೆ ಚೆಂಡು ಆ ದಿಕ್ಕಿಗೇ ಹೋಗುವುದು. ಇಲ್ಲಿ ಗಾದೆಯೂ ತನ್ನ ಪಾಲಿನ ಗೆಲುವನ್ನು ಪಡೆಯುತ್ತದೆ.

ಗಾಲ್ಫ್ ಮೈದಾನವನ್ನೇ ಕಾಣದ ನಮ್ಮ ವಿದ್ಯಾರ್ಥಿಗಳಿಗೆ ಇದೆಲ್ಲ ಏತಕ್ಕೆ ಎಂದು ಕೆಲವರು ಕೇಳಬಹುದು. ಊರೂರಿನ ಕ್ರಿಕೆಟ್ ಬ್ಯಾಟನ್ನು ನೋಡಿರಿ. ಹದಿಮೂರರ ಹುಡುಗ ದೊಡ್ಡವರ ಅಳತೆಯ ಭಾರವಾದ ಬ್ಯಾಟನ್ನು ಹಟ ಹಿಡಿದು ಕೊಳ್ಳುತ್ತಾನೆ. ಅಲ್ಲಿಯೂ ಜಡತ್ವ ಮಹತ್ವವೇ ಕಾರಣ, ಆದರೆ ಅಕ್ಷ ಬೇರೆ: ಹಿಡಿಯ ಸುತ್ತ ಅದು ಹೆಚ್ಚಾದಷ್ಟೂ ಬ್ಯಾಟು ಚೆಂಡಿನ ಬಳಿಗೆ ತಡವಾಗಿ ಬರುತ್ತದೆ. ಒಂದು ಅಕ್ಷದ ಸುತ್ತ ಮಿತ್ರನಾದುದು ಇನ್ನೊಂದರ ಸುತ್ತ ಶತ್ರುವಾಯಿತು. ದೂರದರ್ಶಕವನ್ನು ನೋಡಿರಿ. 60 ಮಿಲಿಮೀಟರು ವ್ಯಾಸದ ಮಸೂರವುಳ್ಳ ದೂರದರ್ಶಕದ ಪೆಟ್ಟಿಗೆಯ ಮೇಲೆ 500ಕ್ಕೂ ಮಿಕ್ಕ ವರ್ಧನವನ್ನು ಅಚ್ಚುಹಾಕಿರುವುದುಂಟು. ಮಿಲಿಮೀಟರಿಗೆ ಎರಡರಂತೆ, ಅಂದರೆ ಸುಮಾರು 120 ಮಡಿ ದಾಟಿದ ಮೇಲೆ ಅಂತಹ ಮಸೂರದಲ್ಲಿ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣದು. ಮಬ್ಬಾದ ಶನಿಗ್ರಹವನ್ನು ಕಂಡ ಬಾಲಕ ಖಗೋಳವಿಜ್ಞಾನವನ್ನೇ ತೊರೆಯುತ್ತಾನೆ. ದೇಶಕ್ಕೆ ಆಗುವ ನಷ್ಟ ಇಂತಹದು. ಇದು ಯಾವ ಅಂಗಡಿಯ ಲೆಕ್ಕಪುಸ್ತಕದಲ್ಲಿಯೂ ಕಾಣಿಸುವುದಿಲ್ಲ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಕೊಳ್ಳುವ ಮೊದಲು ಅಳೆಯಿರಿ. ಎರವಲು ಪಡೆದ ಕೋಲಿನ ಮುಖಕ್ಕೆ ತೆಳುವಾಗಿ ಪುಡಿ ಬಳಿದು ಇಪ್ಪತ್ತು ಚೆಂಡು ಹೊಡೆದರೆ ಬಿದ್ದ ಗುರುತುಗಳೇ ನಿಮ್ಮ ಕೈಯ ನಿಜಸ್ಥಿತಿಯನ್ನು ಹೇಳುತ್ತವೆ. ಗುರುತುಗಳು ಚದುರಿದ್ದರೆ ಅಲಗಿನ ಕೋಲಿಗೆ ಇನ್ನೂ ಕಾಲ ಬಂದಿಲ್ಲ. 14 ಎಂಬುದು ಗರಿಷ್ಠ ಮಿತಿಯೇ ಹೊರತು ಕಡ್ಡಾಯವಲ್ಲ. ಕಲಿಯಲು ಏಳು ಕೋಲು ಧಾರಾಳ. ಕ್ರೀಡಾಸಾಮಗ್ರಿ ಮಾರುವವರು ಗಿರಾಕಿಗೆ ಹತ್ತು ಹೊಡೆತ ಹೊಡೆದು ನೋಡಲು ಅವಕಾಶ ಕೊಡಬೇಕು; ಶಾಲೆ ಕಾಲೇಜುಗಳು ಬಗೆಬಗೆಯ ಉಪಕರಣಗಳನ್ನು ಎರವಲಿಗಿಡಬೇಕು. ಈಗಾಗಲೇ ತಪ್ಪಾದುದನ್ನು ಕೊಂಡಿರುವವರು, ಕೊಟ್ಟ ಹಣಕ್ಕೆ ನ್ಯಾಯ ಒದಗಿಸಲೆಂದು ವರ್ಷಗಟ್ಟಲೆ ಅದರೊಡನೆ ಹೆಣಗಬೇಕಾಗಿಲ್ಲ. ಹೆಣಗಿದರೆ ಹೋದ ಹಣ ಬಾರದು. ಇರುವ ಉತ್ಸಾಹವೂ ಹೋದೀತು.

ತಮ್ಮ ಮಟ್ಟವನ್ನು ಒಪ್ಪಿಕೊಳ್ಳಲು ನಾಚುವವರು ಗಾಲ್ಫ್ ಆಟದ ನಿಯಮವನ್ನೇ ನೋಡಲಿ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಆಟಗಾರನ ಮಟ್ಟವನ್ನು ಅಂಕಿಯಲ್ಲಿ ಗುರುತಿಸಿ, 54ರವರೆಗೆ ರಿಯಾಯಿತಿ ಕೊಟ್ಟು, ಹೊಸಬನನ್ನೂ ನಿಪುಣನನ್ನೂ ಒಂದೇ ಕಣದಲ್ಲಿ ಆಡಿಸುತ್ತದೆ. ಅಂಕದ ಹಾಳೆಯಲ್ಲಿ ತನ್ನ ಮಟ್ಟವನ್ನು ಬರೆದುಕೊಳ್ಳಲು ಹಿಂಜರಿಯದ ಆಟಗಾರ, ಕೋಲನ್ನು ಆರಿಸುವಾಗಲೂ ಅದೇ ಅಂಕಿಯನ್ನು ನೆನೆಯಲಿ. ನಮ್ಮ ತರುಣ ವಾಚಕರು ಬ್ಯಾಟನ್ನಾಗಲಿ ದೂರದರ್ಶಕವನ್ನಾಗಲಿ ಕೊಳ್ಳಹೊರಟಾಗ “ಇದು ಎಷ್ಟು ಶ್ರೇಷ್ಠ?” ಎಂದು ಕೇಳುವುದಕ್ಕೆ ಮೊದಲು “ಇದು ಯಾರ ಕೈಗಾಗಿ ಮಾಡಿದ್ದು?” ಎಂದು ಕೇಳಲಿ. ಕೈ ಪಳಗಿದ ಮೇಲೆ ಅಲಗಿನ ಕೋಲು ಅಂಗಡಿಯಲ್ಲಿ ಇದ್ದೇ ಇರುತ್ತದೆ.