ಪಿನ್ ಟಾಪ್ ಬದಲಿಸುವಾಗ ಹಸಿರು ತಂತಿ ಉದ್ದವಿರಲಿ

ಬನದ ಹುಣ್ಣಿಮೆಗೆ ತೇರು ಎಳೆದರೂ ಬಾದಾಮಿಯ ಬನಶಂಕರಿ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳ ಕ್ಯಾಂಪು ವಾರಗಟ್ಟಲೆ ನಡೆಯುತ್ತದೆ. ಕಲಾವಿದರ ಸಂಸಾರವೂ ಅಲ್ಲಿಯೇ, ತಗಡಿನ ಬಿಡಾರದಲ್ಲಿ. ಇಂಥ ಬಿಡಾರಕ್ಕೆ ದೀಪ, ಫ್ಯಾನು, ಇಸ್ತ್ರಿ ಎಲ್ಲಕ್ಕೂ ಕರೆಂಟು ಬರುವುದು ಹೊರಗಿನ ಬೋರ್ಡಿನಿಂದ ಎಳೆದ ವೈರಿನಲ್ಲಿ. ಕ್ಯಾಂಪು ಎದ್ದಾಗ ಅದನ್ನು ಸುತ್ತಿ ಲಾರಿಗೆ ಹಾಕಬೇಕು. ಮುಂದಿನ ಊರು ಹುನಗುಂದವಿರಲಿ, ಇಳಕಲ್ಲಿರಲಿ, ಮತ್ತೆ ಬಿಚ್ಚಬೇಕು. ಹೀಗೆ ಚುಚ್ಚಿ, ಕಿತ್ತು, ಜಗ್ಗಿ ಮೊದಲು ಹಾಳಾಗುವುದು ವೈರಲ್ಲ, ಅದರ ತುದಿಯ ಪಿನ್ ಟಾಪ್. ಬಾಗಲಕೋಟೆಯ ಬೇಸಿಗೆಯಲ್ಲಿ ಹಗಲಿರುಳು ಓಡುವ ಮನೆಯ ಕೂಲರಿನದೂ ಇದೇ ಕಥೆ.

ಪಿನ್ ಕರಕಲಾಗುವುದೇಕೆ? ಒಳಗಿನ ಸ್ಕ್ರೂ ಸಡಿಲಾದಲ್ಲಿ ರೋಧ ಹೆಚ್ಚು, ರೋಧವಿದ್ದಲ್ಲಿ ಶಾಖ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸುವ ಲೆಕ್ಕ ಎಸ್ಸೆಸ್ಸೆಲ್ಸಿ ಹುಡುಗರಿಗೆ ಗೊತ್ತಿದ್ದದ್ದೇ. 2000 ವ್ಯಾಟಿನ ನೀರಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಡಿಲ ಸ್ಕ್ರೂವಿನಲ್ಲಿ ಓಮಿನ ಹತ್ತನೇ ಒಂದು ಭಾಗ ರೋಧವಿದ್ದರೂ 8 ವ್ಯಾಟ್ ಶಾಖ, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಪ್ಲಾಸ್ಟಿಕ್ ಕರಗದೆ ಇನ್ನೇನಾದೀತು? (ಅಂಥ ಹೀಟರಿಗೆ 6 ಆಂಪಿಯರಿನ ಸಣ್ಣ ಪಿನ್ ಹಾಕುವುದೇ ತಪ್ಪು, 16ರದು ಬೇಕು.)

ಮೂರು ಪಿನ್ನುಗಳಲ್ಲಿ ಅರ್ಥ್ ಪಿನ್ ದಪ್ಪ, ಉದ್ದ. ದಪ್ಪವಿರುವುದು ಬೇರೆ ತೂತಿನೊಳಗೆ ಹೋಗದಿರಲೆಂದು. ಉದ್ದವಿರುವುದು ಚುಚ್ಚುವಾಗ ಮೊದಲು ಸೇರಿ, ಕೀಳುವಾಗ ಕೊನೆಗೆ ಬಿಡಲೆಂದು. 1934ರ ಬ್ರಿಟಿಷ್ ಮಾನಕದಿಂದ ಬಂದ ವಿನ್ಯಾಸವಿದು. ಅಲ್ಲಿನ ಮನೆಗಳಿಂದ ಬಹುಮಟ್ಟಿಗೆ ಮರೆಯಾದರೂ ಭಾರತದಲ್ಲಿ ಉಳಿದಿದೆ. ಆದರೆ ಅರ್ಥ್ ತಂತಿಯನ್ನು ‘ಅದಿಲ್ಲದೆಯೂ ನಡೆಯುತ್ತದೆ’ ಎಂದು ಕತ್ತರಿಸಿಬಿಡುವವರಿದ್ದಾರೆ. ನಡೆಯುತ್ತದೆ, ನಿಜ, ಇಸ್ತ್ರಿಪೆಟ್ಟಿಗೆಯ ಮೈಗೆ ಒಳಗಿನ ಫೇಸ್ ತಂತಿ ತಗಲುವವರೆಗೆ. ಅರ್ಥ್ ಸರಿಯಿದ್ದರೆ ಆಗ ಫ್ಯೂಸ್ ಹೋಗುತ್ತದೆ. ಇಲ್ಲವಾದರೆ ಲೋಹದ ಮೈಯೆಲ್ಲ 230 ವೋಲ್ಟ್. ಅದು ತಗಡಿನ ಗೋಡೆಗೆ ತಾಗಿದರೆ ಇಡೀ ಬಿಡಾರವೇ. ಒದ್ದೆ ಕಾಲಿನಲ್ಲಿ ಕೂಲರಿಗೆ ನೀರು ತುಂಬುವ ಮಗುವಿನ ಪಾಲಿಗೂ ಇದೇ ಅಪಾಯ.

ಪಿನ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ವೈರೇ ಸಾಕೆಟ್ಟಿನಿಂದ ಹೊರಬಂದಿರಬೇಕು. ಕಪ್ಪಿಟ್ಟ ತಾಮ್ರವನ್ನು ಹೊಳಪು ಕಾಣುವವರೆಗೆ ಕತ್ತರಿಸಿ ತೆಗೆಯಬೇಕು. ಕಂದು ತಂತಿ ಫೇಸ್, ‘ಎಲ್’ ಗುರುತಿಗೆ. ನೀಲಿ ನ್ಯೂಟ್ರಲ್, ‘ಎನ್’ ಗುರುತಿಗೆ. ಹಸಿರು-ಹಳದಿ ಪಟ್ಟೆಯದು ದೊಡ್ಡ ಪಿನ್ನಿಗೆ. ಹಳೆಯ ವೈರುಗಳಲ್ಲಿ ಕ್ರಮವಾಗಿ ಕೆಂಪು, ಕಪ್ಪು, ಹಸಿರು. ಎಳೆಗಳನ್ನು ಹೊಸೆದು, ಒಂದೂ ಹೊರಚಾಚದಂತೆ ಬಿಗಿಸಬೇಕು.

ಹಸಿರು ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಬೇಕೆಂಬುದನ್ನು ಪಳಗಿದ ಕೈಗಳೂ ಮರೆಯುವುದುಂಟು. ಯಾರೋ ವೈರ್ ಎಡವಿ ಜಗ್ಗಿದರೆಂದುಕೊಳ್ಳಿ: ಮೊದಲು ಕಿತ್ತು ಬರಬೇಕಾದ್ದು ಫೇಸ್, ಕೊನೆಗೆ ಅರ್ಥ್. ಜಗ್ಗುವ ಬಲ ಸ್ಕ್ರೂಗಳ ಮೇಲೆ ಬೀಳಲೇಬಾರದು. ಆದ್ದರಿಂದ ವೈರಿನ ಹೊರಗಿನ ದಪ್ಪ ಕವಚವೇ ಪಿನ್ನಿನೊಳಗಿನ ಹಿಡಿಪಟ್ಟಿಯ ಕೆಳಗೆ ಸಿಕ್ಕಿರಬೇಕು.

ಇಷ್ಟನ್ನು ಹೈಸ್ಕೂಲು ಮಕ್ಕಳು ಹಿರಿಯರ ಎದುರು ಕುಳಿತು ಮಾಡಬಹುದು. ಸಾಕೆಟ್ಟಿಗೆ ಅರ್ಥ್ ಬಂದಿದೆಯೇ ಎಂದು ಪರೀಕ್ಷಿಸುವುದು ಮಾತ್ರ ವೈರ್‌ಮನ್ ಕೆಲಸ. ಸುಟ್ಟ ಪಿನ್ ಕೂತಿದ್ದ ಸಾಕೆಟ್ಟನ್ನೂ ಅವರಿಗೇ ತೋರಿಸಬೇಕು. ಶಾಖಕ್ಕೆ ಅದರ ಹಿಡಿತ ಸಡಿಲಾಗಿದ್ದರೆ ಹೊಸ ಪಿನ್ನೂ ಬೇಗನೆ ಕರಕಲಾಗುತ್ತದೆ.